ವೇದಾವತಿಯ ಕುಣಿತ, ನನ್ನ ಮಸಿಬಟ್ಟೆ

ನನ್ನ ಅಡುಗೆಮನೆಯ ಒಲೆಯ ಬಲಗಡೆ, ಸುಣ್ಣ ಕಿತ್ತುಬಂದ ಗೋಡೆಯ ಮೊಳೆಗೆ, ಮಸಿಬಟ್ಟೆಯೊಂದು ನೇತಾಡುತ್ತಿರುತ್ತದೆ. ಹಾಲಿನ ಪಾತ್ರೆ ಇಳಿಸುವುದಕ್ಕೆ, ಅನ್ನದ ತಪ್ಪಲೆಯ ಅಂಚು ಹಿಡಿಯುವುದಕ್ಕೆ ಎಲ್ಲರ ಮನೆಯಲ್ಲೂ ಇರುವಂಥದೇ ಒಂದು ತುಂಡು. ನೀವು ನಮ್ಮ ಮನೆಗೆ ಬಂದರೆ ಅದನ್ನು ಎರಡನೆಯ ಸಲ ನೋಡಲಾರಿರಿ. ಕೆಂಪು ಹಸಿರಿನ ಚೌಕಳಿ, ನಡುನಡುವೆ ತೆಳ್ಳಗಿನ ಬಿಳಿ ಗೆರೆ, ಒಂದು ಮೂಲೆಯಲ್ಲಿ ಎಷ್ಟು ಒಗೆದರೂ ಹೋಗದ ಅರಿಶಿನದ ಕಲೆ, ಒಂದು ಕಡೆ ಹೊಲಿಗೆಯಿಲ್ಲದೆ ಎಳೆ ಬಿಟ್ಟ ಅಂಚು. ಆ ಹರಿದ ಅಂಚಿಗೆ ಆಮೇಲೆ ಬರುತ್ತೇನೆ. ಮೊದಲು ಹೇಳಬೇಕಾದದ್ದು, ಈ ಮಸಿಬಟ್ಟೆ ಒಂದು ಕಾಲದಲ್ಲಿ ನನ್ನ ಎಡಭುಜದಿಂದ ಬಲಸೊಂಟಕ್ಕೆ ಇಳಿಬಿದ್ದು ನನ್ನನ್ನು ಗಂಡಸನ್ನಾಗಿ ಮಾಡುತ್ತಿತ್ತು.

ನಗಬೇಡಿ. ನಾನು ಓದಿದ ಕಾನ್ವೆಂಟಿನಲ್ಲಿ ಹುಡುಗಿಯರೇ ಇದ್ದದ್ದು. ಸಿಸ್ಟರ್ ಐಲೀನ್ ಕಲಿಸುತ್ತಿದ್ದ ಕುಣಿತಕ್ಕೆ ಮಾತ್ರ ಗಂಡಸರ ಸಾಲೊಂದು, ಹೆಂಗಸರ ಸಾಲೊಂದು ಎದುರುಬದುರು ನಿಲ್ಲಲೇಬೇಕಿತ್ತು. ಎತ್ತರದವರೆಲ್ಲ ಗಂಡಸರು ಎಂದು ಸಿಸ್ಟರ್ ತೀರ್ಮಾನಿಸಿದರು. ಅವರ ಊರಾದ ಸ್ಕಾಟ್ಲೆಂಡಿನಲ್ಲಿ ಗಂಡಸರು ತೊಡುವ ಚೌಕಳಿಯ ಉಣ್ಣೆಬಟ್ಟೆ ಇಲ್ಲಿ ಎಲ್ಲಿ ಸಿಗಬೇಕು? ಪೇಟೆಯ ಲುಂಗಿ ಅಂಗಡಿಯಿಂದ ಒಂದು ಚೌಕಳಿ ಲುಂಗಿ ತರಿಸಿ, ಉದ್ದುದ್ದಕ್ಕೆ ನಾಲ್ಕು ಪಟ್ಟಿ ಕತ್ತರಿಸಿ, ನಾಲ್ಕು ಗಂಡಸರಿಗೆ ಹಂಚಿದರು. ಅದರಲ್ಲೊಂದು ನನ್ನದು. ಅಂಥ ಬಟ್ಟೆಯನ್ನು ಮಸಿಬಟ್ಟೆ ಮಾಡಿದ್ದೇಕೆ ಎಂದು ಕೇಳಬೇಡಿ; ಸಂಸಾರದಲ್ಲಿ ಗಟ್ಟಿ ಬಟ್ಟೆಗೆ ಬೀರುವಿನ ಭಾಗ್ಯ ಬಹಳ ದಿನ ಇರುವುದಿಲ್ಲ.

ನನ್ನೆದುರು ನಿಲ್ಲುತ್ತಿದ್ದವಳು ಸುಮಿತ್ರ. ಅಜ್ಜಂಪುರದವಳು, ಗಿಡ್ಡಗೆ ಗುಂಡುಗುಂಡಗೆ, ನಡೆಯುವಾಗಲೂ ಯಾವುದೋ ತಾಳಕ್ಕೆ ಕಾಲಿಡುವವಳು. ಐದು ವರ್ಷ ಅವಳು ನನ್ನ ಹೆಂಗಸು, ನಾನು ಅವಳ ಗಂಡಸು. ಸಿಸ್ಟರ್ ಐಲೀನ್ ಅವರದು ಒಂದೇ ಕಟ್ಟಪ್ಪಣೆ: ಕಾಲನ್ನು ನೋಡಿಕೊಂಡು ಕುಣಿಯಬಾರದು, ಎದುರಿನವಳ ಕಣ್ಣನ್ನು ನೋಡಿ ಕುಣಿಯಬೇಕು. ಅವರ ದೇಶದಲ್ಲಿ ಗುಡ್ಡಕ್ಕೊಂದು, ಸೇತುವೆಗೊಂದು, ಮದುವೆಯಾಗಿ ಹೋದ ಹುಡುಗಿಗೊಂದು ಕುಣಿತವಿದೆಯಂತೆ. ಅವರ ತವರಿನ ಹಿತ್ತಲಿನ ಹೊಳೆಯ ಮೇಲೂ ಒಂದಿತ್ತು. ಅದನ್ನು ಕಲಿಸುವ ದಿನ ಮಾತ್ರ ಅವರು ಬೈಯುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ತಾಳ ಹಾಕುತ್ತಿದ್ದರು. ಒಮ್ಮೆ ತಿರುಗಿ, "ನಿಮ್ಮ ಹೊಳೆಗಳಿಗೆ ಯಾಕೆ ಕುಣಿತವಿಲ್ಲ?" ಎಂದು ಕೇಳಿದ್ದರು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆವು. ನಗದೇ ಇದ್ದವಳು ಸುಮಿತ್ರ ಒಬ್ಬಳೇ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ, ಈಗ ಬರುತ್ತಿದೆ.

ನಾನು ಮದುವೆಯಾಗಿ ಕಡೂರಿಗೆ ಬಂದೆ. ಇಲ್ಲಿಯ ಹೊಳೆ ವೇದಾವತಿ. ಹೊಳೆ ಎಂದರೆ ನೀವು ಏನನ್ನು ಕಲ್ಪಿಸಿಕೊಳ್ಳುತ್ತೀರೋ ಗೊತ್ತಿಲ್ಲ. ನಮ್ಮದು ವರ್ಷದಲ್ಲಿ ಬಹುಕಾಲ ಮರಳಿನ ದಾರಿ. ನನ್ನ ಓರಗಿತ್ತಿ ತರೀಕೆರೆಯವಳು, ಭದ್ರೆಯ ನೀರು ಕುಡಿದು ಬೆಳೆದ ಜಂಬದವಳು. ಸೇತುವೆಯ ಮೇಲೆ ಬಸ್ಸು ಬಂದಾಗಲೆಲ್ಲ ಕಿಟಕಿಯಿಂದ ಬಗ್ಗಿ ನೋಡಿ, "ನಿಮ್ಮ ಹೊಳೆ ಇವತ್ತೂ ರಜಾನಾ ಅಕ್ಕಾ?" ಎನ್ನುತ್ತಾಳೆ. ನಾನು ನಕ್ಕುಬಿಡುತ್ತೇನೆ. ಆದರೆ ಇಲ್ಲದ ನೀರಿಗಾಗಿ ಕಾಯುವವರಿಗೆ ಮಾತ್ರ ಸಿಗುವ ಒಂದು ನೋಟವಿದೆ, ಅದು ಭದ್ರೆಯವರಿಗೆ ದಕ್ಕುವುದಿಲ್ಲ. ಅದು ಹೊಳೆ ಬರುವ ದಿನ.

ಅಂಥ ದಿನವೇ ಸುಮಿತ್ರ ನಮ್ಮ ಮನೆಯಲ್ಲಿದ್ದಳು. ಅವಳ ಗಂಡನಿಗೆ ಸ್ಕಾಟ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಹೊರಡುವ ಮೊದಲು ನನ್ನನ್ನು ನೋಡಿಹೋಗಲು ಅಜ್ಜಂಪುರದಿಂದ ರೈಲಿನಲ್ಲಿ ಬಂದಿದ್ದಳು. ಹೊಳೆ ಹುಟ್ಟುವ ಗಿರಿಯ ಕಡೆ ಎಲ್ಲೋ ಮಳೆಯಾಗಿತ್ತು. ಕಡೂರಿನಲ್ಲಿ ಮೋಡದ ಚೂರೂ ಇರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಬೀದಿಯಲ್ಲಿ "ಹೊಳೆ ಬತ್ತಾ ಐತಂತೆ" ಎಂದು ಯಾರೋ ಕೂಗಿಕೊಂಡು ಹೋದರು. ನಾನು ಅವಳ ಕೈಹಿಡಿದು ಎಳೆದುಕೊಂಡೇ ಹೋದೆ. ಒಣ ಮರಳಿನ ಮೇಲೆ ನೀರಿನ ಮೊದಲ ನಾಲಿಗೆ ಬರುತ್ತಿತ್ತು. ಭೋರ್ಗರೆತವಿಲ್ಲ, ಅವಸರವಿಲ್ಲ. ತರಗೆಲೆ, ತೆಂಗಿನ ಚಿಪ್ಪು, ದಿಕ್ಕೆಟ್ಟ ಇರುವೆಗಳನ್ನೆಲ್ಲ ಮುಂದಕ್ಕೆ ದೂಡಿಕೊಂಡು, ಹೊಸ ಸೊಸೆ ಕಾಣದ ಮನೆಯ ಹೊಸ್ತಿಲನ್ನು ಹುಡುಕುವ ಹಾಗೆ ಮೆಲ್ಲಗೆ ಬಂತು. ಕಲ್ಲು ಅಡ್ಡವಾದಲ್ಲಿ ಎರಡಾಗಿ ಸೀಳಿ, ಕಲ್ಲಿನ ಹಿಂದೆ ಒಂದನ್ನೊಂದು ದಾಟಿ, ಮುಂದಿನ ಕಲ್ಲನ್ನು ಬೇರೆ ಪಕ್ಕದಿಂದ ಬಳಸಿತು. ಕುಣಿತದಲ್ಲಿ ಮೂವರು ಒಬ್ಬರನ್ನೊಬ್ಬರು ಹೆಣೆದುಕೊಂಡು ಎಂಟರ ಆಕಾರದಲ್ಲಿ ಓಡಾಡುವುದಕ್ಕೆ ಸಿಸ್ಟರ್ ರೀಲ್ ಎನ್ನುತ್ತಿದ್ದರು. ಈಗಿನ ಮೊಬೈಲಿನ ರೀಲ್ ಅಲ್ಲ. ನಾನು ಸುಮಿತ್ರಳ ತೋಳು ಹಿಂಡಿ ಹೇಳಿದೆ:

"ನೋಡೇ ಸುಮಿ, ಹೊಳೆ ರೀಲ್ ಹಾಕ್ತಿದೆ!"

ಈ ಮಾತನ್ನು ದಯವಿಟ್ಟು ನೆನಪಿಡಿ. ಇದನ್ನು ಹೇಳಿದವಳು ನಾನು.

ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಹೋದ ದಸರಾ ಹೊತ್ತಿಗೆ, ಸುಮಿತ್ರಳಿಂದ ಒಂದು ಅಂಚೆ ಬಂತು. ಅಲ್ಲಿ ಅವಳು ವಾರಕ್ಕೊಮ್ಮೆ ಕುಣಿಯಲು ಹೋಗುವ ಸಂಘದವರು ತಾವೇ ಕಟ್ಟಿದ ಹೊಸ ಕುಣಿತಗಳದೊಂದು ಪುಟ್ಟ ಪುಸ್ತಕ ಮಾಡಿದ್ದರು. ಏಳನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, 'ವೇದಾವತಿ' ಎಂಬ ಹೆಸರು. ಕೆಳಗೆ ಕಟ್ಟಿದವರು ಸುಮಿತ್ರ. ಅದರ ಕೆಳಗೆ ಓರೆ ಅಕ್ಷರದಲ್ಲಿ ಒಂದು ಸಾಲು: ಕಡೂರಿನ ಬಳಿ ಒಣ ಮರಳಿಗೆ ಹೊಸ ನೀರು ಬಂದದ್ದನ್ನು ಕಂಡ ಒಂದು ಸಂಜೆಯ ನೆನಪಿಗೆ. ನಾನು ಆ ಸಾಲನ್ನು ನಿಂತುಕೊಂಡು ಒಮ್ಮೆ, ಕೂತುಕೊಂಡು ಒಮ್ಮೆ, ಕನ್ನಡಕ ಒರೆಸಿಕೊಂಡು ಒಮ್ಮೆ ಓದಿದೆ. ಕಡೂರು ಇತ್ತು, ಮರಳಿತ್ತು, ನೀರಿತ್ತು, ಸಂಜೆಯೂ ಇತ್ತು. ನಾನಿರಲಿಲ್ಲ.

ಆಮೇಲೆ ಕುಣಿತದ ವಿವರಣೆ ಓದಿದೆ. ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಸಂಗೀತ ಶುರುವಾದ ಮೇಲೂ ಎಂಟು ಜನ ಎಂಟು ಎಣಿಕೆ ಅಲುಗಾಡದೆ ನಿಂತಿರಬೇಕು ಎಂದು ಬರೆದಿದ್ದಳು. ಅದು ಒಣ ಮರಳು. ನಂತರ ಮೊದಲ ಜೋಡಿ ಮಾತ್ರ ಮೆಲ್ಲಗೆ ಹೊರಟು, ನಿಂತವರನ್ನು ಕಲ್ಲುಗಳ ಹಾಗೆ ಬಳಸಿ, ಬಳಸಿದವರನ್ನೆಲ್ಲ ಎಬ್ಬಿಸಿಕೊಂಡು, ಕಡೆಗೆ ಎಂಟೂ ಜನ ಕೈಹಿಡಿದು ದೊಡ್ಡ ಸುತ್ತು. ಕಲ್ಲು ಬಳಸುವ ರೀಲ್ ನನ್ನ ಮಾತಿನಿಂದ ಬಂದದ್ದು, ಸರಿ. ಆದರೆ ಆ ನಿಂತಿರುವ ಎಂಟು ಎಣಿಕೆ? ದಿನ ಬೆಳಗಾದರೆ ಆ ಮರಳನ್ನು ನೋಡುವವಳು ನಾನು. ಬತ್ತಿರುವುದೂ ಹೊಳೆಯ ಒಂದು ಹೆಜ್ಜೆ ಎಂದು ನನಗೆ ಹೊಳೆದಿರಲಿಲ್ಲ. ಕದ್ದದ್ದಕ್ಕಿಂತ ಕದಿಯದೆ ಇದ್ದದ್ದೇ ನನ್ನನ್ನು ಹೆಚ್ಚು ಸುಟ್ಟಿತು.

ಹೊಟ್ಟೆಕಿಚ್ಚು ಎಂಬ ಪದವನ್ನು ಕಟ್ಟಿದವರು ಖಂಡಿತ ಅಡುಗೆಮನೆಯವರೇ ಇರಬೇಕು. ಅಸೂಯೆ, ಮಾತ್ಸರ್ಯ ಎಂದು ಪಂಡಿತರು ಅದಕ್ಕೆ ರೇಷ್ಮೆ ಉಡಿಸಿ ಕೂರಿಸುತ್ತಾರೆ. ಅದು ನಿಜವಾಗಿ ಇರುವುದು ಒಲೆಯ ಹಾಗೆ, ಹೊಟ್ಟೆಯ ಮಟ್ಟದಲ್ಲಿ, ಮೇಲೆ ಏನಿಟ್ಟರೂ ಬೇಯಿಸುತ್ತ. ಅದಕ್ಕೊಂದು ಅಳತೆಯೂ ಉಂಟು. ದೂರದವರ ಅರಮನೆ ನೋಡಿ ನಮಗೇನೂ ಆಗುವುದಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಹೊಸ ಬಣ್ಣ ಹೊಡೆಸಿದರೆ ಆ ವಾಸನೆಗೆ ತಲೆನೋವು ಬರುತ್ತದೆ. ಐದು ವರ್ಷ ಕಣ್ಣಿಗೆ ಕಣ್ಣಿಟ್ಟು ಎದುರು ಕುಣಿದವಳ ಮೇಲೆ ಹುಟ್ಟುವ ಕಿಚ್ಚಿಗೆ ಸಾಗರಗಳ ಅಂತರ ಯಾವ ಲೆಕ್ಕ?

ನಮ್ಮವರ ಹತ್ತಿರ ಹೇಳಿಕೊಂಡೆ. ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿದ್ದು ನಿವೃತ್ತರಾದವರು. ಪ್ರಪಂಚವನ್ನೆಲ್ಲ ಸರ್ವೆ ನಂಬರಿನಲ್ಲಿ ನೋಡುತ್ತಾರೆ. ಪುಸ್ತಕದಲ್ಲಿದ್ದ ಕುಣಿತದ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಸ್ಕೇಲೇ ಹಾಕಿಲ್ವಲ್ಲೇ" ಎಂದರು.

"ಅದಲ್ಲರೀ, ಆ ಹೊಳೆ ನಂದು."

"ಹೊಳೆ ಯಾರ ಖಾತೆಗೂ ಕೂರಲ್ಲ ಕಣೇ. ದಾಖಲೇಲಿ ಅದು ಖರಾಬು. ಉಳೋ ಹಾಗಿಲ್ಲ, ಮಾರೋ ಹಾಗಿಲ್ಲ, ನಂದು ಅನ್ನೋ ಹಾಗಿಲ್ಲ" ಎಂದು ಪುಸ್ತಕ ಮಡಿಸಿ ಕೊಟ್ಟರು. ಇಷ್ಟು ಸರಿಯಾದ ಮಾತನ್ನು ಇಷ್ಟು ತಪ್ಪಾದ ಹೊತ್ತಿನಲ್ಲಿ ಹೇಳುವುದು ಗಂಡಂದಿರಿಗಷ್ಟೇ ಸಾಧ್ಯ.

ವಾರ ಕಳೆಯುವುದರೊಳಗೆ ಸುಮಿತ್ರಳ ಫೋನು ಬಂತು. ಸಂಕ್ರಾಂತಿ ಕಳೆದ ಮೇಲೆ ಅಜ್ಜಂಪುರಕ್ಕೆ ಬರುತ್ತಾಳೆ. ಬಂದಾಗ ವೇದಾವತಿಯ ದಂಡೆಯಲ್ಲೇ ಈ ಕುಣಿತವನ್ನು ಎಂಟು ಜನ ಹೆಂಗಸರು ಕುಣಿಯಬೇಕು. ಅದನ್ನು ವಿಡಿಯೋ ಮಾಡಿಕೊಂಡು ಹೋಗಿ ಸಂಘದ ವಾರ್ಷಿಕ ಕೂಟದಲ್ಲಿ ತೋರಿಸುತ್ತಾಳೆ. "ನೀನೂ ನಾನೂ ಮೊದಲ್ನೇ ಜೋಡಿ. ಇನ್ನಾರು ಜನಕ್ಕೆ ನೀನು ಕಲಿಸ್ಬಿಡು ವಿಮ್ಲಿ, ನಿನ್ನ ಬಿಟ್ರೆ ಅಲ್ಲಿ ಇನ್ಯಾರಿಗೆ ಬರುತ್ತೆ?" ಎಂದಳು. ಬೇಡ ಎನ್ನಲು ಬಾಯಿ ತೆರೆದೆ. "ಆಗ್ಲಿ ಕಣೇ" ಎಂಬುದು ಹೊರಬಂತು. ಕಾನ್ವೆಂಟಿನಲ್ಲಿ ಓದಿದವರಿಗೆ ಇದೊಂದು ಶಾಪ. ಒಳಗೆ ಏನು ಕುದಿಯುತ್ತಿದ್ದರೂ ಮುಚ್ಚಳ ಮಾತ್ರ ನಯವಾಗಿಯೇ ಏಳುತ್ತದೆ.

ಆರು ಜನ ಎಂದರೆ ನನಗೆ ಗೊತ್ತಿದ್ದದ್ದು ನಮ್ಮ ಬೀದಿಯ ಭಜನಾ ಮಂಡಳಿ. ಪ್ರತಿ ಗುರುವಾರ ನಡುವೆ ದೀಪವಿಟ್ಟು, ಸುತ್ತ ಹೆಜ್ಜೆ ಹಾಕುತ್ತ ಹಾಡುವವರು. ಮುಖಂಡರು ಯಗಟಿಯ ಕಡೆಯ ಗೌರಮ್ಮ, ಎಪ್ಪತ್ತು ದಾಟಿದವರು. ತೋಟ, ಕುರಿಮಂದೆ ಎಲ್ಲವನ್ನೂ ಒಬ್ಬರೇ ಆಳಿದ ಗಂಟಲು ಅವರದು. ನಮ್ಮ ಹಿತ್ತಲಿನಲ್ಲಿ ಅಭ್ಯಾಸ ಶುರುವಾಯಿತು. ಸುಮಿತ್ರಳ ಜಾಗಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಪ್ರತಿ ಗುರುವಾರ ನಾನು ಆ ಕುರ್ಚಿಗೆ ನಡುಬಗ್ಗಿಸಿ ವಂದಿಸಿ, ಅದರ ಸುತ್ತ ಕುಣಿದೆ. ನಿಜ ಹೇಳಬೇಕೆಂದರೆ ಕುರ್ಚಿಯ ಜೊತೆ ನನಗೆ ಚೆನ್ನಾಗಿಯೇ ಹೊಂದಿಕೆಯಾಯಿತು.

ಫೋನಿನಲ್ಲಿ ಸಂಗೀತ ಹಾಕಿದಾಗ ಗೌರಮ್ಮ ತಲೆ ಓರೆ ಮಾಡಿ ಕೇಳಿ, "ಪಿಟೀಲು ನಮ್ದೇ ತರ ಐತೆ, ಆದ್ರೆ ಯಾಕೋ ಬಸ್ಸು ತಪ್ಪೋಯ್ತದೆ ಅನ್ನೋ ಆತುರ" ಎಂದರು. ರೀಲ್ ಕಲಿಸಲು ಹೋಗಿ ನಾನು ಎರಡು ವಾರ ಸೋತೆ. ಬಲಭುಜ, ಎಡಭುಜ ಎಂದು ಕೂಗಿದಷ್ಟೂ ಅವರು ಡಿಕ್ಕಿ ಹೊಡೆದುಕೊಂಡರು. ಮೂರನೆಯ ವಾರ ಬೇಸತ್ತು, ರಂಗೋಲಿ ಬಟ್ಟಲು ತಂದು ನೆಲದ ಮೇಲೆ ದಾರಿಯನ್ನು ಬರೆದು ತೋರಿಸಿದೆ. ಗೌರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ, ಇದು ಚುಕ್ಕಿ ಸುತ್ತೋ ಎಳೆ ಅಲ್ವೇನೇ! ಇದನ್ನ ಮೊದಲೇ ಹೇಳೋದಲ್ವಾ?" ಅಲ್ಲಿಂದಾಚೆಗೆ ಅವರಿಗೆ ಏನೂ ಹೇಳಬೇಕಾಗಲಿಲ್ಲ. ಮುಂಜಾನೆ ಎದ್ದು ಬಾಗಿಲಿಗೆ ಎಳೆಯುವ ಎಳೆಯನ್ನೇ ಅವರು ಕಾಲಲ್ಲಿ ಎಳೆದರು. ಬಳೆಗಳ ಸದ್ದಿನ ಜೊತೆ ಆರು ಸೀರೆಗಳು ಒಂದನ್ನೊಂದು ಹಾದುಹೋಗುವುದನ್ನು ಕಂಡು, ಇದನ್ನು ಸುಮಿತ್ರ ನೋಡಬೇಕಿತ್ತು ಎಂದು ಅನಿಸಿತು. ಆ ಅನಿಸಿಕೆಯ ಬೆನ್ನಿಗೇ, ನೋಡದಿದ್ದರೇ ಒಳ್ಳೆಯದು ಎಂಬುದೂ ಬಂತು.

ತೊಡಕಾದದ್ದು ಕೊನೆಯ ದೊಡ್ಡ ಸುತ್ತಿನಲ್ಲಿ. ಎಂಟು ಜನ ಕೈಹಿಡಿದು ಎಂಟು ಹೆಜ್ಜೆ ಒಂದು ಕಡೆಗೆ, ಮತ್ತೆ ಎಂಟು ಹೆಜ್ಜೆ ಬಂದ ದಾರಿಯಲ್ಲೇ ಹಿಂದಕ್ಕೆ. ಆ ದೇಶದ ಬಹುಪಾಲು ಕುಣಿತಗಳು ಹೀಗೆಯೇ ಮುಗಿಯುತ್ತವೆ. ಬರಿಯ ನೆಲದ ಸುತ್ತ ಸುತ್ತುವುದು ಸರಿಯಲ್ಲವೆಂದು ಗೌರಮ್ಮ ನಡುವೆ ದೀಪ ಹಚ್ಚಿಟ್ಟಿದ್ದರು. ಮೊದಲ ಎಂಟು ಹೆಜ್ಜೆ, ದೀಪ ಬಲಕ್ಕಿರುವ ಹಾಗೆ, ಸೊಗಸಾಗಿ ಸಾಗಿತು. "ಈಗ ಹಿಂದಕ್ಕೆ" ಎಂದೆ. ಆರು ಜನವೂ ಕೀಲಿ ಮುಗಿದ ಬೊಂಬೆಗಳ ಹಾಗೆ ನಿಂತರು.

"ಹಿಂದಕ್ಕಾ? ಅಪ್ರದಕ್ಷಿಣವಾಗಾ?" ಗೌರಮ್ಮನ ದನಿ ಇಳಿದಿತ್ತು. "ಅದು ಹೆಣದ ಸುತ್ತ ತಿರುಗೋದು ಕಣಮ್ಮ. ಮುತ್ತೈದೇರು ಕೈಕೈ ಹಿಡ್ಕೊಂಡು ದೀಪಕ್ಕೆ ಉಲ್ಟಾ ತಿರುಗೋದುಂಟಾ?"

ಇದು ಬರಿಯ ಕುಣಿತ, ಬೇಕಾದರೆ ದೀಪ ತೆಗೆದುಬಿಡೋಣ ಎಂದೆ. ದೀಪ ತೆಗೆದರೂ ದೀಪದ ಜಾಗ ಇರುತ್ತದಲ್ಲ ಎಂದರು. ಆಮೇಲೆ ಅವರೇ ದಾರಿ ತೋರಿಸಿದರು: "ಅರ್ಧಕ್ಕೆ ಬಂದು ಯಾಕೆ ತಿರುಗ್ಬೇಕು? ಮುಂದಕ್ಕೇ ಹೋದ್ರೆ ನಮ್ಮ ಜಾಗ ತಾನಾಗೇ ಬತ್ತದಲ್ವಾ?" ಕುಣಿದು ನೋಡಿದೆವು. ಹದಿನಾರು ಹೆಜ್ಜೆ ಮುಂದಕ್ಕೇ ಹೋದಾಗ, ಕೊನೆಯ ತಾಳಕ್ಕೆ ಸರಿಯಾಗಿ, ಪ್ರತಿಯೊಬ್ಬರೂ ಹೊರಟಲ್ಲಿಗೇ ಬಂದು ನಿಂತೆವು. ಹೊಳೆಯಂತೂ ಹಿಂದಕ್ಕೆ ಹರಿಯುವುದಿಲ್ಲ. ಸುಮಿತ್ರ ಎಲ್ಲವನ್ನೂ ಕಂಡಿದ್ದಳು, ಇದೊಂದನ್ನು ಕಂಡಿರಲಿಲ್ಲ. "ಆ ನಿನ್ನ ಸ್ನೇಹಿತೆಗೆ ಮೊದಲೇ ತಿಳಿಸ್ಬಿಡಮ್ಮ" ಎಂದರು ಗೌರಮ್ಮ. "ತಿಳಿಸ್ತೀನಿ" ಎಂದೆ.

ತಿಳಿಸಲಿಲ್ಲ.

ಮರೆತೆನೆಂದು ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಅವಳು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು, ಎಲ್ಲ ಚೆನ್ನಾಗಿ ಬರುತ್ತಿದೆಯಾ ಎಂದು ಕೇಳುತ್ತಿದ್ದಳು. ಚೆನ್ನಾಗಿ ಬರುತ್ತಿದೆ ಎಂದೇ ನಾನು ಹೇಳುತ್ತಿದ್ದೆ, ಅದು ನಿಜವೂ ಆಗಿತ್ತು. ನನಗೆ ಬೇಕಾಗಿದ್ದದ್ದು ಬಹಳ ಸಣ್ಣದು. ಅವಳು ತನ್ನದೇ ಕುಣಿತದಲ್ಲಿ, ನನ್ನ ಹೊಳೆಯ ದಂಡೆಯ ಮೇಲೆ, ಒಂದೇ ಒಂದು ಸಲ ಎಡವಬೇಕು. ಎಲ್ಲರೂ ಒಂದು ದಿಕ್ಕಿಗೆ ಹೋಗುವಾಗ ಅವಳೊಬ್ಬಳು ಇನ್ನೊಂದು ದಿಕ್ಕಿಗೆ ತಿರುಗಿ, ಇಲ್ಲಿಯವಳಲ್ಲ ಎನಿಸಿಕೊಳ್ಳಬೇಕು. ಇಷ್ಟೇ. ಕೊಲೆಗಡುಕರಿಗೂ ಮೊದಲು ಹೀಗೆ 'ಇಷ್ಟೇ' ಎಂದು ಅನಿಸಿರಬಹುದೇ?

ಬಂದಳು. ಕೂದಲು ಬೆಳ್ಳಗಾಗಿತ್ತು, ನಡಿಗೆಯ ತಾಳ ಹಾಗೆಯೇ ಇತ್ತು. ನನ್ನ ಅಡುಗೆಮನೆಗೆ ನೆಟ್ಟಗೆ ನುಗ್ಗಿ ಮೊಳೆಯ ಮೇಲಿನ ಬಟ್ಟೆ ಕಂಡವಳೇ, "ಅಯ್ಯೋ ಪಾಪಿ, ಗಂಡಸನ್ನ ಮಸಿಬಟ್ಟೆ ಮಾಡ್ಕೊಂಡಿದೀಯಲ್ಲೇ!" ಎಂದು ಹೊಟ್ಟೆ ಹಿಡಿದು ನಕ್ಕಳು. ಅದನ್ನು ಅವಳೇ ತಿಕ್ಕಿ ಒಗೆದು, ಇಸ್ತ್ರಿ ಮಾಡಿ, ನನ್ನ ಎಡಭುಜಕ್ಕೆ ಕಟ್ಟಿದಳು. ಅವಳ ಬೆರಳು ಭುಜ ಸೋಕಿದಾಗ ಹೇಳಿಬಿಡೋಣವೆಂದು ಒಂದು ಗಳಿಗೆ ಅನಿಸಿತ್ತು. ಗಂಟು ಬಿಗಿಯಾಯಿತು, ಗಳಿಗೆ ಕಳೆಯಿತು.

ಬೆಳಗಿನ ಬಿಸಿಲು. ಹೊಳೆಯಲ್ಲಿ ಮರಳಿನ ನಡುವೆ ದಾರದಷ್ಟು ನೀರು. ದಂಡೆಯ ಹೊಂಗೆಮರಗಳ ಕೆಳಗಿನ ಗಟ್ಟಿ ನೆಲವನ್ನು ನಮ್ಮವರು ಟೇಪು ಹಿಡಿದು ಅಳೆದು, ನಾಲ್ಕು ಮೂಲೆಗೆ ಕಲ್ಲಿಟ್ಟು, ಮೊಬೈಲು ಹಿಡಿದು ನಿಂತರು. ಗಾಳಿಗೆ ದೀಪ ನಿಲ್ಲಲಿಲ್ಲ. ಗೌರಮ್ಮ ಹೊಳೆಯ ನೀರನ್ನು ಚೊಂಬಿನಲ್ಲಿ ತುಂಬಿ ತಂದು ಮೇಲೊಂದು ಹೂವಿಟ್ಟು ನಡುವೆ ಇರಿಸಿದರು. ಸಂಗೀತ ಶುರುವಾಯಿತು. ಎಂಟು ಎಣಿಕೆ ನಿಂತಿದ್ದೆವು. ಸಿಸ್ಟರ್ ಹೇಳಿಕೊಟ್ಟ ಹಾಗೆ ಸುಮಿತ್ರ ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ಅವಳ ಕಾಲನ್ನು ನೋಡುತ್ತಿದ್ದೆ.

ಮೊದಲ ಜೋಡಿ ಹೊರಟಿತು. ಚುಕ್ಕಿಗಳು ಎದ್ದವು, ಎಳೆಗಳು ಹೆಣೆದವು, ಸುಮಿತ್ರಳ ಮುಖ ಹುಡುಗಿಯ ಮುಖವಾಯಿತು. ಕೊನೆಯ ಸುತ್ತು ಬಂತು. ಒಂದು, ಎರಡು, ಮೂರು... ಎಂಟನೆಯ ಹೆಜ್ಜೆಗೆ ಅವಳು ಗಕ್ಕನೆ ಹಿಂದಕ್ಕೆ ತಿರುಗಿದಳು, ಆರು ಹೆಂಗಸರು ಮುಂದಕ್ಕೆ ಎಳೆದರು. ಗೌರಮ್ಮನ ಭುಜಕ್ಕೆ ಅವಳ ತಲೆ ಬಡಿಯಿತು, ಕಾಲು ನಡುವಿನ ಚೊಂಬಿಗೆ ತಾಗಿತು, ಅವಳು ಮಂಡಿಯೂರಿ ನೆಲಕ್ಕೆ ಬಿದ್ದಳು. ಚೊಂಬಿನ ನೀರು ದೂಳಿನ ಮೇಲೆ ಹರಿಯತೊಡಗಿತು. ಹೂವನ್ನು ದೂಡಿಕೊಂಡು, ಗೌರಮ್ಮನ ಹೆಬ್ಬೆರಳನ್ನು ಎರಡಾಗಿ ಬಳಸಿಕೊಂಡು, ಮುಂದಕ್ಕೆ.

ನನ್ನ ಗೆಲುವು ಎಷ್ಟು ಹೊತ್ತು ಇತ್ತೆಂದರೆ, ಆ ನೀರು ಹೆಬ್ಬೆರಳನ್ನು ದಾಟುವಷ್ಟು ಹೊತ್ತು.

"ವಿಮ್ಲಿ, ವಾಪಸ್ ಬರೋದನ್ನ ಇವ್ರಿಗೆ ಹೇಳ್ಕೊಟ್ಟಿಲ್ವೇನೇ?" ಸುಮಿತ್ರ ಮಂಡಿ ಒರೆಸಿಕೊಳ್ಳುತ್ತ ಕೇಳಿದಳು.

"ಹೇಳ್ಕೊಟ್ಲು ಕಣಮ್ಮ, ನಾವೇ ಒಲ್ಲೆ ಅಂದ್ವಿ" ಎಂದರು ಗೌರಮ್ಮ. "ನಿಂಗೆ ತಿಳಿಸ್ತೀನಿ ಅಂದಿದ್ಲಲ್ಲ? ತಿಂಗಳ ಮೇಲಾಯ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಮರೆತೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ನಯವಾದ ಮುಚ್ಚಳದ ಹಾಗೆ. ಆದರೆ ಅವಳು ಮತ್ತೆ ನನ್ನ ಕಣ್ಣನ್ನು ನೋಡುತ್ತಿದ್ದಳು.

"ಮರೀಲಿಲ್ಲ ಸುಮಿ. ಬೇಕಂತ್ಲೇ ಹೇಳ್ಲಿಲ್ಲ."

"ಯಾಕೆ?"

"ನಿನ್ನ ಪುಸ್ತಕದಲ್ಲಿ ಸಂಜೆ ಇದೆ, ನಾನಿಲ್ಲ. ಹೊಳೆ ರೀಲ್ ಹಾಕ್ತಿದೆ ಅಂದೋಳು ನಾನು."

ಅವಳು ಕ್ಷಮೆ ಕೇಳಲಿಲ್ಲ, ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ. ಒದ್ದೆಯಾದ ಷೂ ಬಿಚ್ಚಿ ಪಕ್ಕಕ್ಕಿಟ್ಟು, ನೆಲ ನೋಡಿಕೊಂಡು ಹೇಳಿದಳು: "ಗೊತ್ತು. ನಿನ್ನ ಹೆಸರು ಬರ್ದು ಹೊಡೆದುಹಾಕ್ದೆ. ಮೂವತ್ತು ವರ್ಷ ಅವ್ರ ಕುಣಿತ ಕುಣಿದಿದೀನಿ ಕಣೇ, ಅವ್ರ ಗುಡ್ಡ, ಅವ್ರ ಹೊಳೆ. ಒಂದಾದ್ರೂ ಪೂರ್ತಿ ನಂದೇ ಇರ್ಲಿ ಅನ್ನಿಸ್ತು. ನಿನ್ನ ಹೆಸರು ಹಾಕಿದ್ರೆ ಅದು ನಿಂದಾಗೋಗ್ತಿತ್ತು."

ಹೊಂಗೆಮರದಲ್ಲಿ ಗೊರವಂಕವೊಂದು ಕೂಗಿ ಸುಮ್ಮನಾಯಿತು. ಆಗ ನಮ್ಮವರು ಮೊಬೈಲಿನ ಹಿಂದಿನಿಂದ ಕೇಳಿದರು: "ಇದೆಲ್ಲಾ ರೆಕಾರ್ಡ್ ಆಗ್ತಾ ಇದೆ. ನಿಲ್ಲಿಸ್ಲಾ, ಮುಂದುವರಿಸ್ಲಾ?"

ಮೊದಲು ನಕ್ಕವರು ಗೌರಮ್ಮ. ನಕ್ಕು ಮುಗಿಸಿ, ಬಗ್ಗಿ ಚೊಂಬು ಎತ್ತಿಕೊಂಡು, ಸುಮಿತ್ರಳಿಗೆ ಗದರಿದರು: "ಏಳವ್ವ ಮೇಲೆ. ಮುಂದಕ್ಕೇ ಬಾ, ನಿನ್ನ ಜಾಗ ಎಲ್ಲೂ ಹೋಗಲ್ಲ, ತಾನಾಗೇ ಬತ್ತದೆ." ಚೊಂಬಿಗೆ ಮತ್ತೆ ನೀರು ತಂದರು. ಸುಮಿತ್ರ ಬರಿಗಾಲಲ್ಲಿ ನಿಂತಳು. ಈ ಸಲ ನಿಂತ ಎಂಟು ಎಣಿಕೆಯಲ್ಲಿ ನಾನು ಅವಳ ಕಣ್ಣನ್ನು ನೋಡಿದೆ. ಸಿಟ್ಟಿತ್ತು. ನನ್ನ ಕಣ್ಣಿನಲ್ಲೂ ಇದ್ದಿರಬೇಕು. ಸಿಟ್ಟಿಟ್ಟುಕೊಂಡೇ ಹೊರಟೆವು. ಕಲ್ಲು ಬಳಸಿ ಬೇರೆಯಾದೆವು, ಹಿಂದೆ ಹೋಗಿ ಕೂಡಿದೆವು, ಮತ್ತೆ ಬೇರೆಯಾದೆವು. ಕೊನೆಯ ಸುತ್ತಿನಲ್ಲಿ ಎಂಟನೆಯ ಹೆಜ್ಜೆಗೆ ಅವಳ ಕೈ ನನ್ನ ಕೈಯೊಳಗೆ ಅಭ್ಯಾಸಬಲದಿಂದ ಹಿಂದಕ್ಕೆ ತುಡಿದದ್ದು ಗೊತ್ತಾಯಿತು. ಬಿಗಿಯಾಗಿ ಹಿಡಿದು ಮುಂದಕ್ಕೆ ಎಳೆದುಕೊಂಡೆ, ಆ ಸಂಜೆ ಹೊಳೆಗೆ ಎಳೆದುಕೊಂಡು ಹೋದ ಹಾಗೆಯೇ. ಬಂದಳು. ಕೊನೆಯ ತಾಳಕ್ಕೆ ನಾವಿಬ್ಬರೂ ಹೊರಟಲ್ಲಿಗೇ ಬಂದು ಎದುರುಬದುರು ನಿಂತಿದ್ದೆವು.

ಹೊರಡುವ ದಿನ ಅವಳು ನನ್ನ ಚೌಕಳಿ ಪಟ್ಟಿಯನ್ನು ಕೇಳಿದಳು. ಪೂರ್ತಿ ಕೊಟ್ಟುಬಿಡುವಷ್ಟು ಒಳ್ಳೆಯವಳು ನಾನಾಗಿರಲಿಲ್ಲ. ಕೊಡದೆ ಇರುವಷ್ಟು ಕೆಟ್ಟವಳೂ ಆಗಲಾರದೆ, ನಡುವಿಗೆ ಹಲ್ಲಿನಿಂದ ಕಚ್ಚಿ ಸರ್ರನೆ ಹರಿದು ಅರ್ಧ ಕೊಟ್ಟೆ. ಅವಳು ಅರಿಶಿನದ ಕಲೆ ಇರುವ ಅರ್ಧ ಬೇಕೆಂದಳು. ಅದನ್ನು ಕೊಡಲಿಲ್ಲ.

ಮೊನ್ನೆ ಅಲ್ಲಿಂದ ವಿಡಿಯೋ ಬಂತು. ಯಾವುದೋ ಹಳೆಯ ಸಭಾಂಗಣ, ಮರದ ನೆಲ, ಕಿಟಕಿಯಾಚೆ ಬೂದು ಆಕಾಶ. ಸುಮಿತ್ರಳ ಭುಜದ ಮೇಲೆ ನನ್ನ ಅರ್ಧ ಮಸಿಬಟ್ಟೆ. ಅವಳ ಸುತ್ತ ಚೌಕಳಿ ಲಂಗದ ಬಿಳಿಗೂದಲ ಗಂಡಸರು, ತೆಳ್ಳಗಿನ ಮುದುಕಿಯರು. ಎಂಟು ಎಣಿಕೆ ನಿಂತರು, ನಮ್ಮ ಮರಳಿನ ಹಾಗೆ. ಕೊನೆಯ ಸುತ್ತಿನಲ್ಲಿ ಯಾರೂ ಹಿಂದಕ್ಕೆ ತಿರುಗಲಿಲ್ಲ. ನಡುವೆ ಏನೂ ಇರಲಿಲ್ಲ, ಆದರೂ ಏನೋ ಇರುವ ಹಾಗೆ ಆ ದೊರೆಗಳೆಲ್ಲ ಭಯಭಕ್ತಿಯಿಂದ ಪೂರ್ತಿ ಪ್ರದಕ್ಷಿಣೆ ಹಾಕಿ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತರು. ವಿಡಿಯೋದ ಜೊತೆಗೆ ತಿದ್ದಿದ ಏಳನೆಯ ಪುಟದ ಚಿತ್ರವೂ ಇತ್ತು. ಓರೆ ಅಕ್ಷರದ ಸಾಲಿನ ಕೆಳಗೆ ಸುಮಿತ್ರಳ ಕೈಬರಹ: ಕೊನೆಯ ಸುತ್ತಿನಲ್ಲಿ ಹಿಂದಿರುಗಬಾರದು, ಇದು ಕಡೂರಿನ ಗೌರಮ್ಮ ಮತ್ತು ವಿಮಲಾ ಹೇಳಿಕೊಟ್ಟದ್ದು.

ನನ್ನ ಹೆಸರು ನೋಡಿ ಕಣ್ಣು ತುಂಬಿತು ಎಂದು ಬರೆದರೆ ನಿಮಗೆ ಸಮಾಧಾನವಾಗುತ್ತಿತ್ತೇನೋ. ನಾನು ಮೊದಲು ನೋಡಿದ್ದು, ಗೌರಮ್ಮನ ಹೆಸರು ನನಗಿಂತ ಮುಂದೆ ಇರುವುದನ್ನು. ಹೊಟ್ಟೆಯ ಹತ್ತಿರ ಚುರ್ ಎಂದಿತು. ಆಮೇಲೆ ನನಗೇ ನಗು ಬಂತು.

ಹಾಲು ಉಕ್ಕುವ ಹೊತ್ತಾಯಿತು, ಒಲೆಯ ಹತ್ತಿರ ಹೋದೆ. ಬಟ್ಟೆ ಈಗ ಅರ್ಧವೇ ಇರುವುದರಿಂದ ಪಾತ್ರೆಯ ಎರಡು ಕಡೆಗೂ ಸಾಲುವುದಿಲ್ಲ. ಬಲಗೈಗೆ ಸುತ್ತಿಕೊಂಡರೆ ಎಡಗೈಯ ಬೆರಳಿಗೆ ಬಿಸಿ ತಾಗುತ್ತದೆ. ಹೊಸದೊಂದು ಹೊಲಿದುಕೊಳ್ಳಬಾರದೇನೇ ಎಂದು ನಮ್ಮವರು ದಿನಾ ಹೇಳುತ್ತಾರೆ. ಇರಲಿ ಬಿಡಿ ಎನ್ನುತ್ತೇನೆ. ಬೆರಳನ್ನು ಬಾಯಲ್ಲಿಟ್ಟುಕೊಂಡು, ಉಳಿದರ್ಧವನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತೇನೆ, ಅರಿಶಿನದ ಕಲೆ ಹೊರಗೆ ಕಾಣುವ ಹಾಗೆ.